ವಾಮನ ಮಾವ ಉಜ್ಜಿದ ಕಲ್ಲುಗಳು

ವಾಮನ ಮಾವನ ಬಲಗೈಯ ಬೆರಳ ತುದಿಗಳು ಸವೆದು ನುಣ್ಣಗಾಗಿದ್ದವು. ಎಡಗೈಯದೂ ಇರಬಹುದು. ಎಪ್ಪತ್ತರ ದಶಕದ ಕೊನೆಯ ಮಾತು. ಆಗ ನಾನು ಕಾಲೇಜು ಸೇರಿದ್ದೆನೋ ಇಲ್ಲವೋ ಎಂಬುದೂ ಈಗ ಖಚಿತವಿಲ್ಲ. ಮನೆಯಲ್ಲಿ ನಾವು ಆಡುತ್ತಿದ್ದುದು ತುಳು. ಅವರ ಮಾತನ್ನು ಕನ್ನಡದಲ್ಲಿ ಬರೆಯುವಾಗ ಎಷ್ಟು ಅವರದ್ದು, ಎಷ್ಟು ನನ್ನದು ಎಂದು ಹೇಳಲಾರೆ.

ಅವರು ಅಮ್ಮನ ತಮ್ಮ, ಕಾಲೇಜಿನಲ್ಲಿ ಭೂವಿಜ್ಞಾನದ ಅಧ್ಯಾಪಕರು. ಕೂಳೂರಿನ ನಮ್ಮ ಮನೆಯಲ್ಲೇ ಇದ್ದರು. ಬೆಳಿಗ್ಗೆ ಎದ್ದವರೇ ಹಿತ್ತಿಲಲ್ಲಿ ಕೂತು, ಗಾಜಿನ ಹಲಗೆಯ ಮೇಲೆ ಕಪ್ಪು ಪುಡಿ, ನೀರು ಹಾಕಿ ಕಲ್ಲಿನ ಚೂರನ್ನು ಉಜ್ಜುತ್ತಿದ್ದರು. ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದರೆ ಅದು ಬೆಳಕು ದಾಟುವಷ್ಟು ತೆಳುವಾಗಬೇಕು. ಸ್ವಲ್ಪ ಹೆಚ್ಚು ಉಜ್ಜಿದರೆ ಚೂರೇ ಉಳಿಯುವುದಿಲ್ಲ. ಹಳೆಯ ಜ್ವಾಲಾಮುಖಿ ಕಲ್ಲುಗಳ ಮೇಲಿನ ಅವರ ಪಿಎಚ್.ಡಿ. ಪ್ರಬಂಧ ವರ್ಷಗಳಿಂದ ಅರ್ಧದಲ್ಲಿತ್ತು.

ಯಾಕೆಂದರೆ ಸಂಜೆಗಳು ಅವರದ್ದಾಗಿರಲಿಲ್ಲ. ಅವರ ಅಣ್ಣ, ನಮ್ಮ ದೊಡ್ಡಮಾವ, ಕುಟುಂಬದ ಯಜಮಾನರು; ಪೇಟೆಯ ಹಂಪನಕಟ್ಟೆಯಲ್ಲಿ ಅವರ ಹೋಟೆಲು. ತಮ್ಮನು ದಿನಾ ಸಂಜೆ ಕಾಲೇಜು ಮುಗಿಸಿದವನೇ ಬಂದು ಹೋಟೆಲಿನ ಅಡುಗೆಮನೆ ನೋಡಿಕೊಳ್ಳಬೇಕೆಂದು ಅವರು ಎಂದೋ ಹೇಳಿದ್ದರು. ಮಾವ "ಆಯ್ತು ಅಣ್ಣ" ಅಂದಿದ್ದರು. ಮನೆಗೆ ಬರುವಾಗ ಅಂಗಿಗೆಲ್ಲ ಸಾಂಬಾರಿನ ವಾಸನೆ. ಉಣ್ಣದೆ ಮಲಗುತ್ತಿದ್ದರು.

ಒಮ್ಮೆ ಅಮ್ಮ ಆ ಕಪ್ಪು ಪುಡಿಯಲ್ಲಿ ದೋಸೆ ಕಾವಲಿ ತಿಕ್ಕಿದಳು.

"ಅಕ್ಕ, ಅದು ಬೊಂಬಾಯಿಯಿಂದ ತರಿಸಿದ್ದು."

"ನನಗೆಂತ ಗೊತ್ತು ಮಾರಾಯ? ತುಕ್ಕೆಲ್ಲ ಹೋಯ್ತು. ಇನ್ನೂ ಸ್ವಲ್ಪ ತರಿಸು."

ಮಾವ ನಕ್ಕರು. ಹದಗೊಂಡಿದ್ದ ಕಾವಲಿ ಹಾಳಾಗಿ ಆಮೇಲೆ ತಿಂಗಳುಗಟ್ಟಲೆ ದೋಸೆ ಏಳಲಿಲ್ಲ.

ಒಂದು ಶನಿವಾರ ಮಾವ ನನ್ನನ್ನು ಕಾಲೇಜಿಗೆ ಕರೆದುಕೊಂಡು ಹೋಗಿ, ಉಜ್ಜಿದ ಚೂರೊಂದನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ನುಣ್ಣನೆಯ ಬೂದು ಬಣ್ಣದ ನಡುವೆ ದೊಡ್ಡ ಹರಳುಗಳು, ಒಂದೊಂದರಲ್ಲೂ ಪದರದ ಮೇಲೆ ಪದರ.

"ಆ ನುಣ್ಣಗಿನದ್ದು ನೆಲದಿಂದ ಹೊರಗೆ ಬಂದು ಬೇಗ ಗಟ್ಟಿಯಾದದ್ದು. ದೊಡ್ಡ ಹರಳು ಅದಕ್ಕಿಂತ ಮೊದಲೇ ಕೆಳಗೆ ಬೆಳೆದದ್ದು, ಶಿಲಾರಸ ಅಲ್ಲಿ ನಿಂತು ನಿಧಾನ ತಣಿಯುವಾಗ. ಹರಳು ತನಗೆ ಬೇಕಾದ್ದನ್ನು ತಗೊಳ್ತದೆ. ನೀರು, ಅನಿಲ ಎಲ್ಲ ಉಳಿದ ರಸಕ್ಕೇ. ರಸ ಕಡಿಮೆಯಾದ ಹಾಗೆ ಒತ್ತಡ ಜಾಸ್ತಿ."

"ಹೊರಗೆ ಬರುವುದು ಮೊದಲೇ ಗೊತ್ತಾಗ್ತದಾ ಮಾವ?"

"ಕೆಳಗೆ ಎಲ್ಲ ನಡೀತಾ ಉಂಟು. ಊರಿನವರು ಸ್ಫೋಟದ ದಿವಸ ಮಾತ್ರ ಬರೆದಿಡ್ತಾರೆ."

ಎಂಬತ್ತನೇ ಇಸವಿ ದಾಟಿದ ಮೇಲೆ ಒಂದು ಮಧ್ಯಾಹ್ನ, ಎಲ್ಲರೂ ಊಟಕ್ಕೆ ಕೂತಿದ್ದಾಗ ದೊಡ್ಡಮಾವ ಹೇಳಿದರು: "ಕಲ್ಲು ಉಜ್ಜಿದ್ದು ಸಾಕು. ನಾಳೆಯಿಂದ ಬೆಳಿಗ್ಗೆಯೂ ಬಾ."

ಮಾವ ಅನ್ನದಿಂದ ಕೈ ತೆಗೆದು, "ಇನ್ನು ಸಂಜೆಯೂ ಬರುವುದಿಲ್ಲ" ಅಂದರು. ಅವರು ಸ್ವರ ಏರಿಸಿದ್ದು ನನಗೆ ನೆನಪಿಲ್ಲ. ನೀರಿನ ಚೆಂಬು ಗೋಡೆಗೆ ಬಡಿಯಿತೆಂದು ನನ್ನ ತಂಗಿ ಹೇಳುತ್ತಾಳೆ. ಸ್ವಲ್ಪ ದಿನದಲ್ಲೇ ಮಾವ ಕಾಲೇಜೂ ಬಿಟ್ಟು ಉತ್ತರದ ಯಾವುದೋ ಗಣಿ ಕಂಪನಿಗೆ ಹೋದರು. ಪ್ರಬಂಧ ಮುಗಿಯಲಿಲ್ಲ. ಮತ್ತೆ ಊರಿಗೆ ಬರಲಿಲ್ಲ; ಅಲ್ಲೇ ತೀರಿಕೊಂಡರು.

"ಒಮ್ಮೆಲೇ ತಲೆ ಕೆಟ್ಟಿತು ಅವನಿಗೆ" ಎಂದು ದೊಡ್ಡಮಾವ ಕೊನೆಯವರೆಗೂ ಹೇಳುತ್ತಿದ್ದರು. ನಾವೂ ಅದನ್ನೇ ಹೇಳಿಕೊಂಡು ಬಂದೆವು. ಆದರೆ ಅದರ ಹಿಂದಿನ ವರ್ಷ ಅಮ್ಮ ಮತ್ತು ಮಾವ ಹಿತ್ತಿಲಲ್ಲಿ ತಗ್ಗಿದ ಸ್ವರದಲ್ಲಿ ಮಾತಾಡುತ್ತಿದ್ದವರು ನನ್ನನ್ನು ಕಂಡು ಸುಮ್ಮನಾದದ್ದುಂಟು. ಅಥವಾ ಅದನ್ನು ನಾನೇ ಕಟ್ಟಿಕೊಂಡಿರಬಹುದು. ಮೊನ್ನೆ ಅಮ್ಮ ಬಟ್ಟೆ ಮಡಚುತ್ತಿದ್ದಾಗ ಕೇಳಿಯೇಬಿಟ್ಟೆ.

"ಸಂಜೆ ಹೋಟೆಲಿನಿಂದ ತನ್ನನ್ನು ಬಿಡಲಿಕ್ಕೆ ದೊಡ್ಡಮಾವನ ಹತ್ರ ಹೇಳು ಅಂತ ಮಾವ ನಿನ್ನನ್ನು ಕೇಳಿದ್ದರಾ ಅಮ್ಮ? ನೀನು ಹೇಳಲೇ ಇಲ್ಲವಾ?"

ಮಡಚಿದ್ದ ಟವೆಲನ್ನು ಅಮ್ಮ ಬಿಡಿಸಿ ಮತ್ತೆ ಮಡಚತೊಡಗಿದಳು.