ಮತ್ತೆ ಬಾರದ ಸೂಜಿ ಹರಳು

ನಮ್ಮ ಅಪ್ಪ ಸುಳ್ಳುಗಾರ ಎಂದು ನಾಚಾರಂನ ಒಂದು ಔಷಧ ಕಾರ್ಖಾನೆ ತೀರ್ಮಾನಿಸಿದಾಗ ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಉರಿಯುವುದು ಖಚಿತ. ನೆನಪಿನ ಬಗ್ಗೆ ಅಷ್ಟು ಖಚಿತವಾಗಿ ಹೇಳಲಾರೆ.

ಅಪ್ಪ ಅಲ್ಲಿ ಶಿಫ್ಟ್ ಕೆಮಿಸ್ಟ್. ಬೀದರ ಕಡೆಯಿಂದ ಬಿ.ಎಸ್ಸಿ. ಮುಗಿಸಿ ಈ ತೆಲುಗು ಊರಿಗೆ ಬಂದು, ಕಳೆದ ಶತಮಾನದ ಕೊನೆಯ ದಶಕಗಳನ್ನು ದ್ರಾವಕಗಳ ವಾಸನೆಯಲ್ಲಿ ಕಳೆದವರು. ಹೆಸರಾಂತ ರಸಾಯನಶಾಸ್ತ್ರಜ್ಞರ ಜೀವನಚರಿತ್ರೆಗಳನ್ನು ನಾನು ಬೇಕಾದಷ್ಟು ಓದಿದ್ದೇನೆ. ಅವುಗಳಲ್ಲಿ ಸೋತ ಪ್ರಯೋಗ ಕೂಡ ಕೊನೆಗೆ ಒಂದು ಬಹುಮಾನಕ್ಕೆ ಹೋಗಿ ಮುಟ್ಟುತ್ತದೆ. ನಮ್ಮ ಮನೆಯ ಕೆಮಿಸ್ಟ್‌ಗೆ ಇದ್ದದ್ದು ಒಂದು ಬಿಳಿ ಪುಡಿ. ಆ ಔಷಧಿಯನ್ನು ಕೊನೆಯ ಹಂತದಲ್ಲಿ ಹರಳುಗಟ್ಟಿಸುವುದು ಅಪ್ಪನ ಕೆಲಸ. ಬಿಸಿ ದ್ರಾವಣವನ್ನು ನಿಧಾನವಾಗಿ ತಣಿಸಿದರೆ ಅದು ಕೂದಲಿಗಿಂತ ಸಣ್ಣ ಸೂಜಿಗಳಾಗಿ ಇಳಿಯುತ್ತಿತ್ತು. ವರ್ಷಗಟ್ಟಲೆ ಇಳಿಯಿತು. ಒಂದು ಬೇಸಿಗೆಯಲ್ಲಿ ನಿಂತುಹೋಯಿತು. ಅದೇ ದ್ರಾವಕ, ಅದೇ ಉಷ್ಣತೆ, ಅದೇ ಕೈ. ಬಂದದ್ದು ಮಾತ್ರ ಸಕ್ಕರೆಯಂಥ ದಪ್ಪ ಕಾಳು. ಅದರಿಂದ ಮಾಡಿದ ಮಾತ್ರೆ ಸರಿಯಾಗಿ ಕರಗಲಿಲ್ಲ. ಆಗಷ್ಟೇ ಹೊಸದಾಗಿ ಕೊಂಡವರು ಮಾಲು ವಾಪಸು ಕಳಿಸಿದರು.

ಇದು ಏಕೆ ಆಗುತ್ತದೆ ಎಂದು ಈಗ ಈ ಊರಿನ ಯಾವ ಔಷಧ ಕಂಪನಿಯ ಹೊಸ ಹುಡುಗಿಯನ್ನು ಕೇಳಿದರೂ ಹೇಳುತ್ತಾಳೆ. ಒಂದೇ ವಸ್ತು ಎರಡು ಬಗೆಯ ಹರಳಾಗಬಹುದು. ಹೆಚ್ಚು ಗಟ್ಟಿಯಾಗಿ ನಿಲ್ಲುವ ಬಗೆ ಒಮ್ಮೆ ಒಂದು ಜಾಗದಲ್ಲಿ ಹುಟ್ಟಿದರೆ ಅದರ ಕಣ್ಣಿಗೆ ಕಾಣದ ಕಣ ಗೋಡೆ, ಬಟ್ಟೆ, ಪಾತ್ರೆ ಎಲ್ಲಕ್ಕೂ ಹತ್ತಿಕೊಳ್ಳುತ್ತದೆ. ಆಮೇಲೆ ಅಲ್ಲಿ ಏನು ತಣಿಸಿದರೂ ಆ ಕಣದ ದಾರಿಯನ್ನೇ ಹಿಡಿಯುತ್ತದೆ. ಹಳೆಯದು ಮತ್ತೆ ಬರುವುದಿಲ್ಲ. ಅಪ್ಪನಿಗೆ ಆಗ ಇದು ಗೊತ್ತಿರಲಿಲ್ಲ. ಮ್ಯಾನೇಜರ್ ಎಲ್ಲರನ್ನೂ ದ್ರಾವಣ ಕಾಯಿಸಿ ತಣಿಸುವ ರಿಯಾಕ್ಟರ್ ಸುತ್ತ ನಿಲ್ಲಿಸಿ, “ಸೂಜಿ ಬರ್ತಿದ್ವು ಅಂತೀರಲ್ಲ, ಮಾಡಿ ತೋರಿಸ್ರಿ” ಎಂದನಂತೆ. ಅಪ್ಪ ಮಾಡಿದರು. ಕಾಳೇ ಬಂತು. ಹಾಗಾದರೆ ಹಿಂದಿನ ವರದಿಗಳೆಲ್ಲ ಈತ ಕುರ್ಚಿಯಲ್ಲಿ ಕೂತು ಬರೆದ ಸುಳ್ಳು ಎಂದು ಮ್ಯಾನೇಜರ್ ಕೊಂಡವರ ಎದುರಿಗೇ ಹೇಳಿದ. ಸುತ್ತ ನಿಂತವರು ಯಾರೂ ಬಾಯಿ ಬಿಡಲಿಲ್ಲ. ಅಪ್ಪನನ್ನು ಗೋದಾಮಿಗೆ ಹಾಕಿದರು. ಅಪ್ಪ ಬಿಟ್ಟು ಬಂದು, ಉಳಿದ ವರ್ಷಗಳನ್ನು ಸ್ಕೂಟರಿನ ಮೇಲೆ ಕಾಲೇಜುಗಳಿಗೆ ಗಾಜಿನ ಸಾಮಾನು ಮಾರುತ್ತ ಕಳೆದರು.

ನನ್ನ ಕೆಲಸ ಅನುಮಾನಿಸುವುದು. ನಾಲ್ಕು ನೌಕರಿ ಬದಲಿಸಿ ಕೊನೆಗೆ ಇಲ್ಲಿಗೆ ಬಂದು ನಿಂತಿದ್ದೇನೆ: ಔಷಧ ಕಾರ್ಖಾನೆಗಳಿಗೆ ಹೋಗಿ, ಅವರು ಆಯಿತು ಎಂದದ್ದು ನಿಜಕ್ಕೂ ಆಗಿದೆಯೇ ಎಂದು ನೋಡುತ್ತೇನೆ. ಕಣ್ಣಾರೆ ಕಂಡೆ ಎನ್ನುವವರನ್ನು ನಾನು ನಂಬುವುದಿಲ್ಲ. ಅದರಲ್ಲಿ ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಏಕೆಂದರೆ ಆ ಸೂಜಿಗಳನ್ನು ನಾನು ಕಂಡಿದ್ದೇನೆ, ಅಥವಾ ಕಂಡಿದ್ದೇನೆ ಎಂದುಕೊಂಡಿದ್ದೇನೆ. ಅಪ್ಪ ಚಿಕ್ಕ ಗಾಜಿನ ಶೀಶೆಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದಾರೆ. ಒಳಗೆ ಬೆಳ್ಳಗೆ ಎಳೆ ಎಳೆಯಾಗಿ ಮಿನುಗುತ್ತಿದೆ. ಆದರೆ ಆ ಕಿಟಕಿ ಒಮ್ಮೆ ನಾಚಾರಂನ ಬಾಡಿಗೆ ಮನೆಯದು, ಇನ್ನೊಮ್ಮೆ ಈಗಿನ ಮಣಿಕೊಂಡದ ಮನೆಯದು. ಮಣಿಕೊಂಡಕ್ಕೆ ಬರುವ ಹೊತ್ತಿಗೆ ಸೂಜಿಗಳು ಎಲ್ಲೂ ಇರಲಿಲ್ಲ. ಶೀಶೆಯ ನೀಲಿ ಮುಚ್ಚಳ, ಅಪ್ಪ ಆಮೇಲೆ ಮಾರುತ್ತಿದ್ದ ಸಾಮಾನಿನದು. ಕೇಳಿ ಕೇಳಿ ಹುಟ್ಟಿದ ನೆನಪೋ ಏನೋ. ಬೇರೆ ಯಾರಾದರೂ ಇಂಥ ಸಾಕ್ಷ್ಯ ತಂದರೆ ನಾನು ಕೆಂಪು ಗೆರೆ ಎಳೆಯುತ್ತೇನೆ.

ಕಳೆದ ಚಳಿಗಾಲದಲ್ಲಿ ಆ ಕಾರ್ಖಾನೆಯ ಹಳೆಯ ನೌಕರರು ನಾಚಾರಂನಲ್ಲೇ ಒಂದು ಫಂಕ್ಷನ್ ಹಾಲ್‌ನಲ್ಲಿ ಸೇರಿದರು. ಬೇಡ ಎಂದರೂ ಅಪ್ಪ ಕೇಳಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿ ನನ್ನ ಕಾರಿನಲ್ಲಿ ಮೊದಲೇ ಹೋಗಿ ಕೂತರು. ಆ ಮ್ಯಾನೇಜರ್ ಈಗ ದೊಡ್ಡ ಕುಳ, ಹೊಸಬರಿಗೆ ಪಾಠ ಹೇಳುವ ಹಿರಿಯ. ಆತ ರಾಯಚೂರಿನವ, ಸೇರಿದವರಲ್ಲಿ ಅರ್ಧ ಮಂದಿ ನಮ್ಮ ಕಡೆಯವರೇ. ಕನ್ನಡದಲ್ಲೇ ಮೈಕ್ ಹಿಡಿದ.

“ಆಗಿನ ಮಾಲಂದ್ರ ಏನಂತೀರಿ, ಗಾದಿಯೊಳಗಿನ ಹತ್ತಿ! ತುಂಬಿದ್ರ ಡ್ರಮ್ಮಿನ ಮುಚ್ಚಳ ಕೂಡಂಗಿಲ್ಲ. ಕ್ಯಾಂಟೀನಿನ ದಪ್ಪ ಸಾಬ್ರನ್ನ ಕರದು ಮ್ಯಾಲ ಕುಂದರಸ್ತಿದ್ವಿ!”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆತ ಅಪ್ಪನ ಕಡೆ ತಿರುಗಿದ. “ನಮ್ಮ ಸುಯೀವಾಲೇ, ಸೂಜಿ ಸಾಬ್ರೂ ಬಂದಾರ. ಏನ್ರೀ, ಸೂಜಿ ಸಿಕ್ಕಾವೋ, ಇನ್ನಾ ಹುಡಕಾಕತ್ತೀರೋ?”

ಈ ಸಲದ ನಗು ಇನ್ನೂ ಜೋರಾಗಿತ್ತು. ಅಪ್ಪನೂ ಹಲ್ಲು ಬಿಟ್ಟರು. ಅದನ್ನು ನೋಡಿ ನನಗೆ ಕುರ್ಚಿ ಎತ್ತಿ ಒಗೆಯಬೇಕೆನಿಸಿತು.

ಊಟವಾದ ಮೇಲೆ ಖುಬಾನಿ ಮೀಠಾ ಎಂಬ ಸಿಹಿಯಿಟ್ಟ ಮೇಜಿನ ಹತ್ತಿರ ಅಪ್ಪ ಆತನನ್ನು ಹಿಡಿದು ನಿಲ್ಲಿಸಿದರು.

“ನಗೋದು ಮೈಕಿನಾಗ ನಕ್ರಿ. ಸೂಜಿ ಇದ್ವು ಅಂತನೂ ಮೈಕಿನಾಗ ಹೇಳ್ರಿ.”

“ಅರೇ, ಛೋಡೋ ಸಾಬ್. ಯಾವ ಕಾಲದ್ದು! ನೋಡಿದವರು ಯಾರರ ಅದಾರೇನು?”

“ಇವ ನೋಡ್ಯಾನ.” ಅಪ್ಪ ನನ್ನ ಮೊಣಕೈ ಹಿಡಿದರು. “ನನ್ನ ಮಗ. ಎಂ.ಎಸ್ಸಿ. ಹೇಳೋ, ನೋಡೀಯೋ ಇಲ್ಲೋ?”

ಬಟ್ಟಲು ಹಿಡಿದ ಏಳೆಂಟು ಮಂದಿ ನನ್ನನ್ನೇ ನೋಡಿದರು. ಹೌದು ಎನ್ನಲು ಹೊರಟೆ. ನೀಲಿ ಮುಚ್ಚಳ ಕಣ್ಣ ಮುಂದೆ ಬಂತು. ನಾನು ಅಪ್ಪನನ್ನು ಬಿಟ್ಟು ಆತನ ಕಡೆ ತಿರುಗಿದೆ.

“ಡ್ರಮ್ಮಿನ ಮ್ಯಾಲ ಯಾಕ ಕುಂದರಸ್ತಿದ್ರಿ?”

“ಯಾವ ಡ್ರಮ್?”

“ಈಗ ನಗಿಸಿದ್ರಲ್ರಿ. ಸಕ್ಕರಿಯಂಥ ಕಾಳು ತುಂಬಿದ್ರ ಅದು ತಾನ ತಳಕ್ಕ ಕೂಡತೈತಿ. ಹತ್ತಿಯಂಗ ಉಬ್ಬಿ ಮುಚ್ಚಳ ಏಳಿಸಾದು ಸೂಜಿ. ನಿಮ್ಮ ಬಾಯಿಂದನ ಬಂತು. ಆ ಹತ್ತಿ ಯಾವುದು, ಹೇಳ್ರಿ ಮತ್ತ.”

ಆತ ಚಮಚವನ್ನು ಬಟ್ಟಲಿನ ಅಂಚಿಗೆ ಒರೆಸಿದ. ಆಮೇಲೆ, ಏನೂ ಆಗದವನ ಹಾಗೆ ಹೇಳಿದ: “ಇದ್ವಪ್ಪಾ, ಸೂಜಿ ಇದ್ವು. ಕಾರ್ಖಾನಿ ಕೆಟ್ಟೈತಿ ಅಂದ್ರ ಆರ್ಡರ್ ಹೋಗ್ತಿತ್ತು. ಮನಷಾ ಕೆಟ್ಟಾನ ಅಂದ್ರ ಉಳೀತಿತ್ತು. ಉಳೀತು. ಇವರೆಲ್ಲ ಅನ್ನ ಉಂಡ್ರು, ಕೇಳ್ರಿ ಬೇಕಾದ್ರ.”

ನಾನು ಯಾರನ್ನೂ ಕೇಳಲಿಲ್ಲ. ಅವರು ತಮ್ಮ ತಮ್ಮ ಬಟ್ಟಲು ನೋಡಿಕೊಳ್ಳುತ್ತಿದ್ದರು. ಇದನ್ನೇ ಮೈಕಿನಲ್ಲಿ ಹೇಳಿ ಎಂದು ಕೂಗಿದೆ. ಮೈಕಿನವನು ಆಗಲೇ ವೈರು ಸುತ್ತುತ್ತಿದ್ದ. ಒಬ್ಬ ಮನುಷ್ಯನ ಕಸುಬನ್ನು ಕಿತ್ತುಕೊಂಡದ್ದನ್ನು ಆತ ಇಷ್ಟು ಸುಲಭವಾಗಿ, ಬಾಯಲ್ಲಿ ಸಿಹಿ ಇಟ್ಟುಕೊಂಡು ಒಪ್ಪಿಕೊಂಡ. ಸುಳ್ಳು ಹೇಳಿದ್ದಕ್ಕಿಂತ ಈ ಒಪ್ಪಿಗೆಯೇ ನನಗೆ ಅಸಹ್ಯವೆನಿಸಿತು.

ಕಾರಿನಲ್ಲಿ ಅಪ್ಪ ಖುಷಿಯಾಗಿರುತ್ತಾರೆ ಎಂದುಕೊಂಡಿದ್ದೆ. ತಾರ್ನಾಕಾ ಸಿಗ್ನಲ್‌ನಲ್ಲಿ ನನ್ನ ಕಡೆ ತಿರುಗಿದರು.

“ನಾ ಕೇಳಿದ್ದು ನಿನ್ನ,” ಎಂದರು. “ನೀ ಹೋಗಿ ಡ್ರಮ್ಮಿನ ಮಾತು ತಗದಿ.”

“ಅದಕ್ಕ ಅವ ಒಪ್ಪಿದ್ನಲ್ರಿ ಅಪ್ಪಾ.”

“ಅವ ಒಪ್ಪಿದ್ರ ನನಗೇನು? ಅವಂಗ ಮೊದಲ ಗೊತ್ತಿತ್ತು. ನೀ ನೋಡೀಯೋ ಇಲ್ಲೋ, ಅದ ಹೇಳು.”

“ಶೀಶೆ ನೆನಪೈತ್ರಿ. ನೀವು ಹಿಡದಿದ್ದ ಕೈ ನೆನಪೈತಿ.”

“ಕೈ ಇಲ್ಲೇ ಐತಿ, ನೋಡು. ಶೀಶೆ ಒಳಗಿಂದು ಹೇಳು.”

“ಗೊತ್ತಿಲ್ರಿ.” ಬೇಕಾದ್ದಕ್ಕಿಂತ ಜೋರಾಗಿಯೇ ಹೇಳಿದೆ.

“ಹಂಗಾದ್ರ ಅವತ್ತು ರಿಯಾಕ್ಟರ್ ಸುತ್ತ ನಿಂತವರಿಗೂ ನಿನಗೂ ಏನ್ ಫರಕು?”

ಫರಕು ಇದೆ. ಅವರಿಗೆ ಗೊತ್ತಿತ್ತು, ಹೇಳಲಿಲ್ಲ. ನನಗೆ ಗೊತ್ತಿಲ್ಲ, ಗೊತ್ತಿಲ್ಲ ಎಂದು ಹೇಳುತ್ತಿದ್ದೇನೆ. ಸ್ಟಿಯರಿಂಗ್ ಗುದ್ದಿ ಅದನ್ನೇ ಎರಡು ಸಲ ಹೇಳಿದೆ. ಅಪ್ಪ ತಮ್ಮ ಕಡೆಯ ಗಾಜು ಇಳಿಸಿ, ಹಿಂದಿನ ಗಾಡಿಗಳ ಹಾರ್ನ್ ಎಲ್ಲವನ್ನೂ ಒಳಗೆ ಬಿಟ್ಟುಕೊಂಡರು.