ಚಂದ್ರಗಿರಿಯಲ್ಲಿ ಇಳಿಸಿದ ಹಾಯಿಕಂಬ

ಯುದ್ಧ ಮುಗಿದ ಮರುವರ್ಷ, ಮಳೆಗಾಲ ಹಿಡಿಯುವ ಮೊದಲು, ಅಣ್ಣ ಸಂಕಪ್ಪ ಮತ್ತು ನಾನು ಮಂಜೇಶ್ವರದಿಂದ ನಮ್ಮ ಹಾಯಿದೋಣಿಯಲ್ಲಿ ಹೊರಟೆವು. ಅಪ್ಪ ತೀರಿಕೊಂಡ ಮೇಲೆ ಅದು ನಮ್ಮಿಬ್ಬರದು. ಚಂದ್ರಗಿರಿ ಹೊಳೆಯಲ್ಲಿ, ರೈಲುಸೇತುವೆಯ ಆಚೆ, ಮಳೆ ಮುಗಿಯುವವರೆಗೆ ದೋಣಿ ಇಡಲು ಒಂದು ಕೊಟ್ಟಿಗೆ ಗೊತ್ತುಮಾಡಿದ್ದೇನೆ ಎಂದಿದ್ದ ಅಣ್ಣ. ಮಳೆ ಕಳೆದ ಮೇಲೆ ಮಲ್ಪೆಯವರೆಗೆ ಸರಕು ಸಾಗಿಸಬೇಕೆಂದು ನಾನು ಲೆಕ್ಕ ಹಾಕಿಕೊಂಡಿದ್ದೆ.

ಬೆಳಗ್ಗೆ ನೆಲದ ಕಡೆಯ ಗಾಳಿ ಸಿಕ್ಕಿತು. ಕುಂಬಳೆಯ ಹತ್ತಿರ ಅದು ನಿಂತುಹೋಗಿ ಹಾಯಿ ಜೋತುಬಿತ್ತು. ಬಿಸಿಲಲ್ಲೇ ಕೂತು ಗಂಜಿ, ಸುಟ್ಟ ಒಣಮೀನು ಉಂಡೆವು. ಅಣ್ಣ ಅರ್ಧ ಗಂಜಿ ಹಾಗೇ ಬಿಟ್ಟ.

"ಎಂತ ಅಣ್ಣ, ಹುಷಾರಿಲ್ವಾ?"

"ಸೆಕೆ ಮಾರಾಯ" ಎಂದು ಮುಖ ತಿರುಗಿಸಿದ.

ಮಧ್ಯಾಹ್ನದ ಮೇಲೆ ಪಡುಗಾಳಿ ಎದ್ದಿತು. ಹೊತ್ತು ಇಳಿಯುವಾಗ ಅಳಿವೆ ದಾಟಿ ಹೊಳೆ ಸೇರಿದೆವು. ಕಡಲಿನ ಉಬ್ಬರಕ್ಕೆ ನೀರು ಏರುತ್ತಿತ್ತು, ಅದು ನಮ್ಮನ್ನು ಸೇತುವೆಯ ಕಡೆಗೇ ಒಯ್ಯುತ್ತಿತ್ತು. ಹಾಯಿಕಂಬ ಇಳಿಸದೆ ಸೇತುವೆಯ ಅಡಿಯಲ್ಲಿ ಹೋಗುವಂತಿಲ್ಲ. ಹಾಯಿ ಸುತ್ತಿ ಕಟ್ಟಿದೆವು. ಕಂಬವನ್ನು ಮುಂದಿನಿಂದ ಎಳೆದು ಹಿಡಿದಿದ್ದ ಹಗ್ಗವನ್ನು ಅಣ್ಣ ದೋಣಿಯ ಗೂಟಕ್ಕೆ ಎರಡು ಸುತ್ತು ಹಾಕಿ ಸ್ವಲ್ಪಸ್ವಲ್ಪವೇ ಸಡಿಲಿಸಿದ. ಹಿಂದೆ ವಾಲಿ ಬಂದ ಕಂಬವನ್ನು ನಾನು ಹೆಗಲು ಕೊಟ್ಟು ಹಿಡಿದು ಕವೆಗೋಲಿನ ಮೇಲೆ ಮಲಗಿಸಿದೆ. ಹೆಗಲಿನ ಚರ್ಮ ಸುಲಿಯಿತು. ಹಗ್ಗಗಳು ನೀರಿಗೆ ಜಾರದ ಹಾಗೆ, ಮತ್ತೆ ಎತ್ತುವಾಗ ಸಿಕ್ಕಾಗದ ಹಾಗೆ, ಒಂದೊಂದನ್ನೂ ಸುರುಳಿ ಮಾಡಿ ಕಂಬಕ್ಕೇ ಬಿಗಿದೆ.

ಸೇತುವೆ ದಾಟಿದ ಕೂಡಲೇ ಗಂಟು ಬಿಚ್ಚಲು ಕೂತೆ.

"ಬೇಡ ಬಾಬು. ಕಂಬ ಇನ್ನು ಎತ್ತಲಿಕ್ಕಿಲ್ಲ" ಎಂದ ಅಣ್ಣ.

ದಡದಲ್ಲಿ ಒಬ್ಬ ಹೆಂಚಿನ ವ್ಯಾಪಾರಿ ಆಳುಗಳೊಂದಿಗೆ ಕಾಯುತ್ತಿದ್ದ. ಕೊಟ್ಟಿಗೆ ಎಲ್ಲೂ ಇರಲಿಲ್ಲ; ಅಣ್ಣ ದೋಣಿಯನ್ನು ಅವನಿಗೆ ಮಾರಿದ್ದ. ಹೊಳೆಯಲ್ಲಿ ಹೆಂಚು ಸಾಗಿಸುವವನಿಗೆ ಹಾಯಿಯೂ ಬೇಡ, ಕಂಬವೂ ಬೇಡ. ಒಬ್ಬ ಆಳು ದೋಣಿಗೆ ಹತ್ತಿ, ನಾನು ಬಿಗಿದ ಗಂಟುಗಳನ್ನು ಬಿಚ್ಚುವ ಗೋಜಿಗೂ ಹೋಗದೆ ಕತ್ತಿಯಿಂದ ಕೊಯ್ದ. ಕಂಬವನ್ನು ಕೆಸರಿಗೆ ಉರುಳಿಸಿದರು. ನಾನು ಅವನ ಕೈ ಹಿಡಿಯಲು ಹೋದೆ. ಅಣ್ಣ ನನ್ನನ್ನು ಹಿಂದಕ್ಕೆ ಎಳೆದ.

"ಈ ದುಡ್ಡು ಹಾಕಿ ಮಂಗಳೂರಲ್ಲಿ ಹೋಟ್ಲಿಗೆ ಪಾಲು ಸೇರ್ತೇನೆ. ಮಾತು ಕೊಟ್ಟಾಗಿದೆ."

"ನನಗೆ ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ?"

"ಹೇಳಿದ್ರೆ ನೀನು ಬರ್ತಿದ್ಯಾ? ಕಂಬ ಇಳಿಸ್ಲಿಕ್ಕೆ ಎರಡು ಜನ ಬೇಕಲ್ಲ."

ಕಾಸರಗೋಡು ನಿಲ್ದಾಣದವರೆಗೆ ಅವನ ಹಿಂದೆ ದೂರದಲ್ಲಿ ನಡೆದೆ. ರಾತ್ರಿ ಅಲ್ಲೇ ಕಳೆದು, ಬೆಳಗಿನ ರೈಲಿನಲ್ಲಿ ಬೇರೆ ಬೇರೆ ಬೆಂಚಿನಲ್ಲಿ ಕೂತೆವು. ಅವನು ತಂದುಕೊಟ್ಟ ಚಹಾ ಕುಡಿಯಲಿಲ್ಲ.

ಮನೆಯಲ್ಲಿ ಅಮ್ಮ ಕೇಳಿದಳು: "ದೋಣಿ ಒಳ್ಳೆ ಕಟ್ಟಿ ಬಂದಿರಾ ಮಕ್ಕಳೇ?"

ಅಣ್ಣ ಕಾಲು ತೊಳೆಯುತ್ತಾ, "ಬಾಬು ಕಟ್ಟಿದ್ದು. ಗಟ್ಟಿ ಉಂಟು" ಎಂದ.

ನಾನು ನಡೆದದ್ದನ್ನೆಲ್ಲ ಹೇಳಿದೆ. ಅಮ್ಮ ಎರಡು ಬಟ್ಟಲು ಇಟ್ಟು, ಯಾವತ್ತಿನ ಹಾಗೆ ಅಣ್ಣನಿಗೇ ಮೊದಲು ಬಡಿಸಿದಳು.