ಕೆಂಚನ ಕತ್ತಿನ ಹಗ್ಗ

ಹೋದ ವರ್ಷ ಯುಗಾದಿ ಕಳೆದ ಮೇಲೆ ನಡೆದದ್ದು. ನಮ್ಮದು ಮೇಲೂರು, ರೇಷ್ಮೆ ಹುಳು ಸಾಕುವ ಮನೆ. ಹುಳು ನಾಲ್ಕನೇ ಸಲ ಪೊರೆ ಬಿಟ್ಟು ಎದ್ದಿತೆಂದರೆ ಆಮೇಲೆ ಮನೆಯವರಿಗೆ ನಿದ್ದೆಯ ಆಸೆ ಬೇಡ. ಎಷ್ಟು ಸೊಪ್ಪು ಹಾಕಿದರೂ ಇನ್ನಷ್ಟು ಬೇಕು. ಅಂಥ ಹೊತ್ತಿನಲ್ಲೇ ನಮ್ಮ ನಾಯಿ ಕೆಂಚನಿಗೆ ಮೈತುಂಬ ಉಣ್ಣಿ ಹತ್ತಿತು. ಕೆರೆದು ಕೆರೆದು ಕಿವಿಯೆಲ್ಲ ಗಾಯ ಮಾಡಿಕೊಂಡಿದ್ದ.

ಉಣ್ಣಿಗೆ ಔಷಧಿ ಹಚ್ಚಿದರೆ ನಾಯಿ ಉಳಿಯುತ್ತದೆ, ಆದರೆ ಅದರ ಗಾಳಿ ತಗುಲಿದರೂ ರೇಷ್ಮೆ ಹುಳು ಉಳಿಯುವುದಿಲ್ಲ. ಅದಕ್ಕೆ ನಾನೂ ನಮ್ಮ ಯಜಮಾನರೂ ಒಂದು ಉಪಾಯ ಮಾಡಿದೆವು. ಶಿಡ್ಲಘಟ್ಟದ ದನದ ಆಸ್ಪತ್ರೆಯಲ್ಲಿ ಔಷಧಿ ಹಚ್ಚಿಸಿ, ಅಲ್ಲಿಂದ ಹಾಗೇ ನನ್ನ ತವರು ಕೈವಾರಕ್ಕೆ ಕೆಂಚನನ್ನು ಬಿಟ್ಟುಬರುವುದು, ಹುಳು ಕಟ್ಟಿದ ಗೂಡು ಬಿಡಿಸಿದ ಮೇಲೆ ಮನೆಗೆ ಕರೆತರುವುದು.

ಆಸ್ಪತ್ರೆಯ ಮುಂದೆ ಕೆಂಚನನ್ನು ಕಾರಿನ ಹಿಂದಿನ ಸೀಟಿಗೆ ಹತ್ತಿಸಿದೆವು. ಯಜಮಾನರು ಸೊಪ್ಪಿನ ಹೊರೆ ಕಟ್ಟುವ ನೈಲಾನ್ ಹಗ್ಗವನ್ನು ಅವನ ಕತ್ತಿಗೆ ಕಟ್ಟಿ, ಇನ್ನೊಂದು ತುದಿಯನ್ನು ಸೀಟಿನ ಕಂಬಿಗೆ ಬಿಗಿದರು.

"ಕುತ್ತಿಗೆಗೆ ಯಾಕ್ರೀ?" ಎಂದೆ.

"ಕರು ಕಟ್ಟಲ್ವೇನೇ, ಹಂಗೇ ಇದೂ. ಎದ್ದು ಕೂತ್ಕಳ್ಳಕ್ಕೆ ಒಂಚೂರು ಉದ್ದ ಬಿಟ್ಟಿದೀನಿ. ಎಲ್ಲೂ ಹೋಗಲ್ಲ ಬಿಡು" ಎಂದರು. ಹುಟ್ಟಿದಾಗಿನಿಂದ ದನ ಕಟ್ಟಿದ ಕೈ ಅದು. ವಾದ ಮಾಡಲು ನನಗೆ ತ್ರಾಣವೂ ಇರಲಿಲ್ಲ. ಔಷಧಿಯ ವಾಸನೆ ತಡೆಯಲಾರದೆ ಕಾರಿನ ಗಾಜುಗಳನ್ನೆಲ್ಲ ಇಳಿಸಿದೆವು. ಚಿಂತಾಮಣಿ ರಸ್ತೆಗೆ ಬಂದದ್ದೇ ತಡ, ಮುಂದಿನ ಸೀಟಿನಲ್ಲಿ ನನಗೆ ತೂಕಡಿಕೆ ಹತ್ತಿತು.

ಬಾಗಿಲಿಗೆ ಏನೋ ದಡಕ್ಕನೆ ಬಡಿದ ಸದ್ದಿಗೆ ಎಚ್ಚರವಾಯಿತು. ರಸ್ತೆ ದಾಟುತ್ತಿದ್ದ ಮೇಕೆಗಳಿಗಾಗಿ ಯಜಮಾನರು ಕಾರು ನಿಧಾನ ಮಾಡಿದ್ದರು. ಮೇಕೆ ಕಂಡದ್ದೇ ಕೆಂಚ ಕಿಟಕಿಯಿಂದ ಹಾರಿದ್ದ. ಹಗ್ಗ ಅವನನ್ನು ಹೊರಗೆ ಬಿಡುವಷ್ಟು ಉದ್ದವಿತ್ತು, ಕಾಲು ನೆಲಕ್ಕೆ ಊರುವಷ್ಟು ಇರಲಿಲ್ಲ. ಬಾಗಿಲ ಹೊರಗೆ ಕತ್ತಿನಲ್ಲಿ ನೇತಾಡುತ್ತಿದ್ದ. ಹಿಂಗಾಲಿನ ಉಗುರು ಟಾರಿಗೆ ಉಜ್ಜುತ್ತಿತ್ತು.

ಯಜಮಾನರು ಬ್ರೇಕ್ ಹಾಕಿದರು. ಇಬ್ಬರೂ ಓಡಿದೆವು. ಗಂಟು ಕಚ್ಚಿಕೊಂಡಿತ್ತು, ಅವರಿಂದ ಬಿಚ್ಚಲಾಗಲಿಲ್ಲ. ನನ್ನ ಎರಡೂ ತೋಳಿಗೆ ನಾಯಿಯನ್ನು ಎತ್ತಿಹಿಡಿಯುವ ಬಲವಿರಲಿಲ್ಲ. ಕೆಂಚನ ನಾಲಿಗೆ ನೀಲಿಗಟ್ಟಿತ್ತು. "ಹೋಯ್ತು ಕಣ್ರೀ, ಹೋಯ್ತು" ಎಂದು ಕಿರುಚಿದೆ.

ಮೇಕೆ ಕಾಯುತ್ತಿದ್ದ ಹೆಂಗಸು ಕೋಲು ಹಿಡಿದು ಓಡಿಬಂದಳು. ತನ್ನ ಮೇಕೆಗಳ ಮೇಲೆ ಹಾರಿದ ನಾಯಿಗೆ ಬಾರಿಸುತ್ತಾಳೆ ಅಂದುಕೊಂಡೆ. ಆಕೆ ಕೋಲು ಎಸೆದು ಕೆಂಚನ ಹೊಟ್ಟೆಯ ಕೆಳಗೆ ಹೆಗಲು ಕೊಟ್ಟು ಮೇಲಕ್ಕೆತ್ತಿದಳು. "ಅಯ್ಯೋ ದೇವುಡಾ! ನನ್ನ ಸೊಂಟದಾಗೆ ಕುಡುಗೋಲೈತೆ, ತಗಂಡು ಕೊಯ್ಯಪ್ಪ!" ಎಂದು ಕೂಗಿದಳು. ಯಜಮಾನರು ಕೊಯ್ದರು.

ಕೆಂಚ ನೆಲಕ್ಕೆ ಬಿದ್ದವನು ಅಲುಗಲಿಲ್ಲ. ಆಕೆ ಅವನ ಎದೆ ತಿಕ್ಕುತ್ತಲೇ ಇದ್ದಳು. ಸ್ವಲ್ಪ ಹೊತ್ತಿಗೆ ಕೆಮ್ಮಿದ, ಉಸಿರೆಳೆದುಕೊಂಡ. ನಾನು ಅವನ ತಲೆಯನ್ನು ಮಡಿಲಿಗೆ ತೆಗೆದುಕೊಂಡೆ.

ಅಷ್ಟರಲ್ಲಿ ಆಕೆಯ ಮೇಕೆಗಳು ಪಕ್ಕದ ಹುರುಳಿಕಾಯಿ ತೋಟಕ್ಕೆ ನುಗ್ಗಿದ್ದವು. ತೋಟದವನು ಬಾಯಿಗೆ ಬಂದಂತೆ ಬೈಯತೊಡಗಿದ. ಆಕೆ ಎದ್ದು, "ಒಂದು ಜೀವ ಹೋಗ್ತಿತ್ತು ಕಣಪ್ಪ, ಅದನ್ನ ನೋಡ್ಲಾ, ನಿನ್ನ ಗಿಡ ನೋಡ್ಲಾ?" ಎಂದು ಹೇಳಿ, ಮೇಕೆ ಹೊಡೆಯಲು ಓಡಿದಳು. ಯಜಮಾನರೂ ಹಿಂದೆ ಓಡಿ ಮೇಕೆ ಅಟ್ಟಿದರು, ತೋಟದವನ ಬೈಗುಳದಲ್ಲಿ ತಮ್ಮ ಪಾಲನ್ನೂ ತಿಂದರು. ಹಿಂದಿರುಗಿ ಬಂದು ಕಾರಿನ ಗಾಜು ಏರಿಸಿ ಕೂತರು. ಕೈವಾರದವರೆಗೆ ನಾನು ಹಿಂದಿನ ಸೀಟಿನಲ್ಲಿ ಕೆಂಚನನ್ನು ಅಪ್ಪಿಕೊಂಡೇ ಇದ್ದೆ. ತವರಲ್ಲೇ ಮಿಂದು, ಬಟ್ಟೆ ಬದಲಿಸಿ, ಆಮೇಲೆ ಹುಳುಗಳ ಬಳಿಗೆ ಮರಳಿದೆವು.

ಗೂಡು ಬಿಡಿಸಿದ ಮೇಲೆ ಕರೆತರಲು ಹೋದೆವು. ಅಷ್ಟರಲ್ಲಿ ಯಜಮಾನರು ಅಲ್ಲಿ ಇಲ್ಲಿ ವಿಚಾರಿಸಿ, ಎದೆಗೂ ಬೆನ್ನಿಗೂ ಸುತ್ತಿ ಸೀಟ್ ಬೆಲ್ಟಿಗೆ ಸಿಕ್ಕಿಸುವ ಪಟ್ಟಿ ತಂದಿದ್ದರು. ಅದನ್ನು ಹಾಕಿದರೆ ನಾಯಿ ಏಳಬಹುದು, ಕೂರಬಹುದು, ಕಿಟಕಿಯವರೆಗೆ ಹೋಗಲಾಗದು. ಊರಿನವರು ಈಗಲೂ "ನಾಯಿಗೂ ಬೆಲ್ಟಾ!" ಎಂದು ನಗುತ್ತಾರೆ. ನಗಲಿ. ಎಲ್ಲರಿಗೂ ಬಿಡಿಸಿ ಹೇಳುವಷ್ಟು ಶಕ್ತಿ ನನಗಿಲ್ಲ.

ಕೆಂಚ ಇನ್ನು ಕಾರು ಹತ್ತುವುದಿಲ್ಲ ಎಂದೇ ನಾನು ತಿಳಿದಿದ್ದೆ. ಆದರೆ ಬಾಗಿಲು ತೆಗೆದದ್ದೇ ಒಂದೇ ನೆಗೆತಕ್ಕೆ ಹತ್ತಿ ತನ್ನ ಜಾಗದಲ್ಲಿ ಕೂತ. ಕೂದಲು ಉದುರಿದ ಗೆರೆಯೊಂದು ಕತ್ತಿನ ಸುತ್ತ ಇನ್ನೂ ಇತ್ತು. ಪಟ್ಟಿ ಹಿಡಿದು ಯಜಮಾನರು ಬಗ್ಗಿದಾಗ, ಹಿಂದಿನಂತೆ ಕತ್ತಿಗೇ ಕಟ್ಟಲು ಬಂದರೆಂದು ತಿಳಿದು, ಬಾಲ ಆಡಿಸುತ್ತ ತಾನಾಗಿಯೇ ಕತ್ತು ಎತ್ತಿ ಕೊಟ್ಟ. ಯಜಮಾನರು ಆ ಗೆರೆಯ ಮೇಲೆ ಒಮ್ಮೆ ಕೈಯಾಡಿಸಿ, ಪಟ್ಟಿಯನ್ನು ಅವನ ಎದೆಗೆ ಸುತ್ತಿದರು.